ಚಿಕ್ಕ ಬೋರ್ಡಿಗೆ ಹೆಚ್ಚಿನ ಸೀರಿಯಲ್ ದ್ವಾರಗಳು

ಹಗಲೆಲ್ಲ ನೌಕರಿ ಮಾಡಿ ರಾತ್ರಿ ಆರ್ಡುಯಿನೋ ಬೋರ್ಡು ಹಿಡಿದು ಕೂಡುವ ವಾಚಕರು ನಮ್ಮಲ್ಲಿ ಕೆಲವರಿರುವರು. ಅವರಿಗೆ ಎದುರಾಗುವ ತೊಡಕು ಹೀಗೆ: ವಾಹನವು ಎಲ್ಲಿದೆಯೆಂದು ತಿಳಿಸುವ ಜಿ.ಪಿ.ಎಸ್. ಒಂದು ಕಡೆ, ಆ ಸುದ್ದಿಯನ್ನು ಫೋನಿಗೆ ಕಳಿಸುವ ಜಿ.ಎಸ್.ಎಂ. ಇನ್ನೊಂದು ಕಡೆ, ಎರಡೂ ಸೀರಿಯಲ್ ದ್ವಾರವನ್ನೇ ಬೇಡುತ್ತವೆ. ಉನೋ ಆರ್-3 ಬೋರ್ಡಿನ ಎಟಿಮೆಗಾ 328ಪಿ ಚಿಪ್ಪಿನಲ್ಲಿರುವುದು ಒಂದೇ ದ್ವಾರ. ಅದೂ 0 ಮತ್ತು 1ನೆಯ ಪಿನ್ನುಗಳಲ್ಲಿ, ಕಂಪ್ಯೂಟರಿನಿಂದ ಪ್ರೋಗ್ರಾಮು ಇಳಿಸುವ ಕೆಲಸಕ್ಕೆ ಆಗಲೇ ಹಿಡಿದುಹೋಗಿದೆ. ಇನ್ನೊಂದು ಬೋರ್ಡು ಕೊಳ್ಳಬೇಕೇ ಎಂಬುದು ಸಂಬಳದವರಿಗೆ ಸಣ್ಣ ಪ್ರಶ್ನೆಯಲ್ಲ.

ಖರ್ಚಿಲ್ಲದ ಉಪಾಯವೆಂದರೆ 'ಸಾಫ್ಟ್‌ವೇರ್ ಸೀರಿಯಲ್'. ಬೇರೆ ಪಿನ್ನುಗಳ ಮೇಲೆ ಪ್ರೋಗ್ರಾಮೇ ದ್ವಾರದ ವೇಷ ಹಾಕುತ್ತದೆ. 9600 ಬಾಡ್ ವೇಗದಲ್ಲಿ ಒಂದು ಬಿಟ್ಟಿಗೆ ಸುಮಾರು 104 ಮೈಕ್ರೋಸೆಕೆಂಡು. ಅಷ್ಟರಲ್ಲಿ 16 ಮೆಗಾಹರ್ಟ್ಸಿನ ಚಿಪ್ಪಿಗೆ 1,600ಕ್ಕೂ ಹೆಚ್ಚು ಮಿಡಿತಗಳ ಬಿಡುವುಂಟು. 1,15,200ಕ್ಕೆ ಏರಿಸಿದರೆ ಉಳಿಯುವುದು ಸುಮಾರು 139, ಅಕ್ಷರಗಳು ಕೆಡತೊಡಗುತ್ತವೆ. ಇದಕ್ಕಿಂತ ದೊಡ್ಡ ಕುಂದು ಬೇರೆಯುಂಟು. ಇಂಥ ಎರಡು ದ್ವಾರಗಳನ್ನು ತೆರೆದರೂ ಒಂದು ಸಲಕ್ಕೆ ಒಂದರ ಮಾತನ್ನಷ್ಟೇ ಆಲಿಸಬಹುದು. ಜಿ.ಎಸ್.ಎಂ. ಉತ್ತರಕ್ಕೆ ಕಿವಿಗೊಟ್ಟಾಗ ಜಿ.ಪಿ.ಎಸ್. ಹೇಳಿದ್ದು ಗಾಳಿಗೆ ಹೋಯಿತೆಂದೇ ತಿಳಿಯಿರಿ. ಒಬ್ಬನೇ ಗುಮಾಸ್ತನು ಎರಡು ಕಿಟಕಿ ನೋಡಿಕೊಂಡಂತೆ. ಅವನು ಸೋಮಾರಿಯಲ್ಲ, ಒಬ್ಬನು, ಅಷ್ಟೆ!

ಜಿ.ಪಿ.ಎಸ್. ಒಂದೇ ಇದ್ದರೆ ಇದು ಧಾರಾಳವಾಗಿ ಸಾಕು. ಎರಡೂ ಬೇಕೆಂದರೆ ಎಸ್‌ಸಿ16ಐಎಸ್752 ಎಂಬ ಚಿಪ್ಪನ್ನು ಕೂಡಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಉನೋದ ಎ4, ಎ5 ಪಿನ್ನುಗಳ ಎರಡು ತಂತಿಗಳ ಮೇಲೆಯೇ ಎರಡು ನಿಜವಾದ ದ್ವಾರಗಳು ದೊರೆಯುತ್ತವೆ. ಪ್ರತಿ ದ್ವಾರಕ್ಕೂ ಬರುವುದಕ್ಕೆ 64, ಹೋಗುವುದಕ್ಕೆ 64 ಬೈಟುಗಳ ಪೆಟ್ಟಿಗೆಯುಂಟು. ಚಾಳಿನ ಮೆಟ್ಟಿಲ ಬಳಿಯ ಟಪಾಲು ಪೆಟ್ಟಿಗೆಯಂತೆ, ನೀವು ಕೆಲಸಕ್ಕೆ ಹೋಗಿದ್ದರೂ ಕಾಗದ ಅದರಲ್ಲಿ ಬಿದ್ದಿರುತ್ತದೆ. ಆದರೆ ಪೆಟ್ಟಿಗೆ ಚಿಕ್ಕದು: 9600ರಲ್ಲಿ ಅದು ತುಂಬಲು ಸುಮಾರು 67 ಮಿಲಿಸೆಕೆಂಡು ಸಾಕು. ಪ್ರೋಗ್ರಾಮಿನಲ್ಲಿ ಒಂದು ಸೆಕೆಂಡಿನ 'ಡಿಲೇ' ಇಟ್ಟವರಿಗೆ ಯಾವ ಚಿಪ್ಪೂ ಒದಗಿಬಾರದು.

ಈ ಚಿಪ್ಪಿಗೆ 3.3 ವೋಲ್ಟು ಕೊಡಿರಿ, 5 ಅಲ್ಲ. ಅದರ ಪಕ್ಕದ ಸ್ಫಟಿಕದ ಮೇಲಿನ ಅಂಕೆಯನ್ನೂ ಓದಿಕೊಳ್ಳಿರಿ. ಅಲ್ಲಿ 14.7456 ಮೆಗಾಹರ್ಟ್ಸ್ ಇದ್ದು ಪ್ರೋಗ್ರಾಮಿನಲ್ಲಿ 1.8432 ಎಂದು ಬರೆದರೆ ವೇಗವು 8 ಪಟ್ಟಾಗುವುದು. ಪರದೆಯ ಮೇಲೆ ಬರೀ ಕಸ ಕಾಣುವುದು.

ಬೋರ್ಡನ್ನೇ ಹೊಸದಾಗಿ ಕೊಳ್ಳುವವರ ಮಾತು ಬೇರೆ. ಮೆಗಾ 2560ರಲ್ಲಿ 4 ದ್ವಾರಗಳೂ ಮೂಲ ಈಎಸ್‌ಪಿ32ರಲ್ಲಿ 3 ದ್ವಾರಗಳೂ ಚಿಪ್ಪಿನೊಳಗೇ ಇವೆ. ಯಾವುದನ್ನು ಆರಿಸಿದರೂ ಒಂದರ ಟಿಎಕ್ಸ್ ಇನ್ನೊಂದರ ಆರ್‌ಎಕ್ಸಿಗೆ, ಗ್ರೌಂಡು ಗ್ರೌಂಡಿಗೆ ಸೇರಬೇಕು.