ಊಟ ಬಿಡೋದು ಹಟವೇ?

ಮನೆಯಲ್ಲಿ ಅನ್ನ ಇದೆ. ಮಗಳು ಉಣ್ಣೋದಿಲ್ಲ. ಮೈ ಕಡ್ಡಿಯಾದರೂ "ನಾನು ದಪ್ಪ" ಅಂತಾಳೆ. ಹಟಮಾರಿ ಅಂತ ಎಲ್ಲರೂ ಬೈತಾರೆ. ತಾಯಿ ಬೆಳೆಸಿದ್ದೇ ಸರಿಯಿಲ್ಲ ಅಂತ ಆಡಿಕೊಳ್ತಾರೆ. ಪಾಪ, ತಾಯಿ ಏನು ಮಾಡಿಯಾಳು?

ಇದು ಅನೊರೆಕ್ಸಿಯಾ ಎಂಬ ಕಾಯಿಲೆ. ಹುಡುಗರಿಗೂ ಬರುತ್ತದೆ. ಅಪ್ಪ ಅಮ್ಮನ ಬಣ್ಣ, ಎತ್ತರ ಮಕ್ಕಳಿಗೆ ಬರುತ್ತದಲ್ಲವೇ? ಅದನ್ನು ತರುವುದು ಜೀನು. ಈ ಕಾಯಿಲೆ ಬರುವ ಸಂಭವವೂ ಸ್ವಲ್ಪಮಟ್ಟಿಗೆ ಹಾಗೆಯೇ ಬರುತ್ತದೆ. 2019ರಲ್ಲಿ ವಿಜ್ಞಾನಿಗಳು ಸುಮಾರು 17,000 ರೋಗಿಗಳ ಜೀನುಗಳನ್ನು ಬೇರೆಯವರ ಜೀನುಗಳ ಜೊತೆ ಹೋಲಿಸಿ ನೋಡಿದರು. ಎಂಟು ಕಡೆ ವ್ಯತ್ಯಾಸ ಕಂಡಿತು.

ಜೀನು ಇದ್ದವರಿಗೆಲ್ಲ ಕಾಯಿಲೆ ಬರೋದಿಲ್ಲ. ಮನಸ್ಸಿನ ಚಿಂತೆ, "ದಪ್ಪಗಿದ್ದೀಯ" ಎಂಬ ಚುಚ್ಚುಮಾತು, ಇವೂ ಸೇರಿಕೊಳ್ಳುತ್ತವೆ.

ಊಟ ಬಿಟ್ಟವಳಿಗೆ ಮುಟ್ಟು ನಿಂತರೆ, ತಲೆ ಸುತ್ತಿದರೆ ಬೇಗ ಡಾಕ್ಟರಿಗೆ ತೋರಿಸಿ. ಈ ಕಾಯಿಲೆಯಿಂದ ಜೀವ ಹೋದದ್ದೂ ಉಂಟು. ಚಿಕಿತ್ಸೆ ಪಡೆದು ಗುಣವಾದವರೂ ಬಹಳ ಮಂದಿ.