ವಿಜ್ಞಾನದ ಒಲವು ಮತ್ತು ಕನ್ನಡ ಗದ್ಯ: ಸ್ವಾಮಿ, ತೇಜಸ್ವಿ ಕೃತಿಗಳ ನೆಲೆಯಲ್ಲಿ

ಕನ್ನಡದ ವಿಜ್ಞಾನ ಬರಹವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಪರಿಭಾಷೆಯ ಪ್ರಶ್ನೆಯ ಸುತ್ತಲೇ ನಡೆದಿದೆ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಆರಂಭಿಸಿದಾಗ, ಆಧುನಿಕ ವಿಜ್ಞಾನವನ್ನು ಕನ್ನಡ ಹೊರಬಲ್ಲುದೇ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ಶಿವರಾಮ ಕಾರಂತರ ‘ಬಾಲಪ್ರಪಂಚ’ (1936) ಹಾಗೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ (1959–64) ಈ ಪ್ರಶ್ನೆಗೆ ವಿಶ್ವಕೋಶದ ವ್ಯಾಪ್ತಿಯಲ್ಲಿ ಉತ್ತರ ನೀಡಿದವು. ಆದರೆ ವಿಜ್ಞಾನವನ್ನು ತಿಳಿಸುವುದು ಬೇರೆ, ಅದರಲ್ಲಿ ಒಲವು ಹುಟ್ಟಿಸುವುದು ಬೇರೆ. ಈ ಎರಡನೆಯ ಕೆಲಸವನ್ನು ಕನ್ನಡ ಗದ್ಯ ಹೇಗೆ ಸಾಧಿಸಿದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976) ಈ ದೃಷ್ಟಿಯಿಂದ ಮಹತ್ವದ ಕೃತಿ. ಇದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಸಸ್ಯಶಾಸ್ತ್ರದ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವವೇ ಇಲ್ಲಿನ ಹಂದರ. ಪಠ್ಯಪುಸ್ತಕದಲ್ಲಿ ಗಿಡದ ಹೆಸರು, ಕುಟುಂಬ, ಲಕ್ಷಣ ಎಂಬ ಕ್ರಮವಿರುತ್ತದೆ. ಸ್ವಾಮಿಯವರಲ್ಲಾದರೋ ಗಿಡ ನಡಿಗೆಯ ದಣಿವು, ಹರಟೆ, ಪರಿಹಾಸಗಳ ನಡುವೆ ಎದುರಾಗುತ್ತದೆ. ಅದು ಮೊದಲು ಕುತೂಹಲವಾಗಿ, ಆಮೇಲೆ ಹೆಸರಾಗಿ ಓದುಗನಿಗೆ ದಕ್ಕುತ್ತದೆ. ಲೇಖಕರೇ ಬರೆದ ರೇಖಾಚಿತ್ರಗಳು ಕೂಡ ಅಲಂಕಾರಕ್ಕಾಗಿ ಇರುವಂಥವಲ್ಲ. ಅವು ನೋಡುವ ಕ್ರಮವನ್ನು ಕಲಿಸುತ್ತವೆ. ಹೀಗೆ ವಿಜ್ಞಾನ ಸಿದ್ಧ ಫಲಿತವಾಗಿ ಉಳಿಯದೆ ಕ್ರಿಯೆಯಾಗಿ ಅನುಭವಕ್ಕೆ ಬರುತ್ತದೆ.

ಅವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಇದಕ್ಕೆ ಪ್ರತಿಯಾದ ದಾರಿ ಹಿಡಿಯುತ್ತದೆ. ‘ಹಸುರು ಹೊನ್ನು’ ಅಪರಿಚಿತವನ್ನು ಆಪ್ತವಾಗಿಸಿದರೆ ಇದು ಆಪ್ತವಾದುದನ್ನು ಅಪರಿಚಿತವಾಗಿಸುತ್ತದೆ. ದಿನನಿತ್ಯ ಬಳಸುವ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು ಕಡಲು ದಾಟಿ ಬಂದವು ಎಂಬ ಅರಿವು ಸಾಹಿತ್ಯದ ಅಧ್ಯೇತೃಗಳಿಗೂ ಮುಖ್ಯವಾದುದು. ಹಳೆಯ ಕೃತಿಗಳಲ್ಲಿ ಬರುವ ‘ಮೆಣಸು’ ಕರಿಮೆಣಸೇ ಹೊರತು ಮೆಣಸಿನಕಾಯಿಯಲ್ಲ. ಅಮೆರಿಕ ಮೂಲದ ಬೆಳೆಗಳು ಭಾರತಕ್ಕೆ ಬಂದದ್ದು ಪೋರ್ಚುಗೀಸರ ಆಗಮನದ ನಂತರ, ಅಂದರೆ 1498ರ ಈಚೆಗೆ. ಆದ್ದರಿಂದ ಅದಕ್ಕೂ ಹಿಂದಿನದೆಂದು ಹೇಳಲಾಗುವ ಪಠ್ಯದಲ್ಲಿ ಇಂಥ ಬೆಳೆ ಸ್ಪಷ್ಟವಾಗಿ ಕಾಣಿಸಿಕೊಂಡರೆ, ಆ ಭಾಗದ ಕಾಲವನ್ನು ಮರುಪರಿಶೀಲಿಸಬೇಕಾಗುತ್ತದೆ. ಸಸ್ಯವಿಜ್ಞಾನ ಗ್ರಂಥಸಂಪಾದನೆಗೆ ನೆರವಾಗುವ ಬಗೆ ಇದು.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇದೇ ಕೆಲಸವನ್ನು ಕಾದಂಬರಿಯ ಆಕೃತಿಯಲ್ಲಿ ಮಾಡುತ್ತದೆ. ಹಾರುವ ಓತಿಯ ಹುಡುಕಾಟದಲ್ಲಿ ವಿಜ್ಞಾನಿ ಕರ್ವಾಲೊಗೆ ಜೊತೆಯಾಗುವವರು ಹಳ್ಳಿಯ ಸಾಮಾನ್ಯರು. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ಕರ್ವಾಲೊ ನಿಸರ್ಗದ ಸೂಕ್ಷ್ಮ ವೀಕ್ಷಕನನ್ನು ಗುರುತಿಸುತ್ತಾರೆ. ವಿಜ್ಞಾನ ಪದವಿಗೂ ಪ್ರಯೋಗಾಲಯಕ್ಕೂ ಸೀಮಿತವಲ್ಲ ಎಂಬ ನಿಲುವು ಇಲ್ಲಿ ಪಾತ್ರಸಂಬಂಧಗಳ ಮೂಲಕವೇ ಮೂಡುತ್ತದೆ. ಕೊನೆಗೆ ಓತಿ ಕಾಣಿಸಿಕೊಂಡರೂ ಕೈಗೆ ಸಿಗುವುದಿಲ್ಲ. ಆದರೂ ಹುಡುಕಾಟ ವ್ಯರ್ಥವಾಯಿತೆಂದು ಓದುಗನಿಗೆ ಅನಿಸುವುದಿಲ್ಲ. ಅರಿವಿಗೂ ಒಡೆತನಕ್ಕೂ ಇರುವ ಅಂತರವನ್ನು ಕಾದಂಬರಿ ಈ ಮುಕ್ತಾಯದಲ್ಲಿ ಧ್ವನಿಸುತ್ತದೆ.

ಈ ಇಬ್ಬರು ಲೇಖಕರಲ್ಲೂ ಸಮಾನವಾದ ಅಂಶವೆಂದರೆ ಉತ್ತರಕ್ಕಿಂತ ಮೊದಲು ಪ್ರಶ್ನೆಯನ್ನು ಓದುಗನದಾಗಿಸುವ ನಿರೂಪಣೆ. ಮಾಹಿತಿ ಹಳತಾಗಬಹುದು, ನೋಡುವ ಕ್ರಮ ಹಾಗೆ ಬೇಗ ಹಳತಾಗದು. ವಿಜ್ಞಾನ ಬರಹವನ್ನು ಸಾಹಿತ್ಯ ಚರಿತ್ರೆಯ ಕೊನೆಯಲ್ಲಿ ‘ಶಾಸ್ತ್ರಸಾಹಿತ್ಯ’ವೆಂಬ ಪಟ್ಟಿಯಾಗಿ ಸೇರಿಸಿದಾಗ ಮರೆಯಾಗುವುದು ಈ ಗದ್ಯಗುಣವೇ. ತರಗತಿಯಲ್ಲಿ ‘ಹಸುರು ಹೊನ್ನು’ವಿನ ಒಂದು ಅಧ್ಯಾಯವನ್ನು ಬೋಧಿಸುವಾಗ ಅದರಲ್ಲಿ ಎಷ್ಟು ಸಸ್ಯಗಳಿವೆ ಎಂದು ಕೇಳುವುದಕ್ಕಿಂತ, ಒಂದು ಸಸ್ಯವನ್ನು ಲೇಖಕರು ಯಾವ ಕ್ರಮದಲ್ಲಿ ಕಾಣಿಸಿದ್ದಾರೆ ಎಂದು ಕೇಳುವುದು ಉಚಿತ. ಅಂಥ ಓದು ವಿದ್ಯಾರ್ಥಿಯನ್ನು ಪುಟದಿಂದ ಗಿಡದ ಬಳಿಗೆ ಕರೆದೊಯ್ಯಬಲ್ಲುದು.