ಹಾಡು ಕೇಳಿದರೆ ಬಿಪಿ ಮಾತ್ರೆ ಬಿಡಬಹುದೇ?

"ಇದು 432 ಹರ್ಟ್ಜ್ ನಾದ. ದಿನಾ ಇಯರ್‌ಫೋನ್ ಹಾಕಿ 20 ನಿಮಿಷ ಕೇಳಿ. ಬಿಪಿ ತಾನಾಗಿ ಇಳಿಯುತ್ತದೆ, ಮಾತ್ರೆಯ ಗೊಡವೆಯೇ ಬೇಡ." ಇಂಥ ಒಕ್ಕಣೆಯ ಆಡಿಯೋ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಫ್ಯಾಮಿಲಿ ಗ್ರೂಪ್‌ಗಳಿಗೂ ಬರುತ್ತದೆ. ಹಾಡು ಕೇಳಿದರೆ ನಷ್ಟವೇನು ಎನ್ನಬಹುದು. ಹಾಡಿನಿಂದ ನಷ್ಟವಿಲ್ಲ. ಆದರೆ ಇದನ್ನು ನಂಬಿ ಮನೆಯ ಹಿರಿಯರು ಮಾತ್ರೆ ಬಿಟ್ಟರೆ ಅಪಾಯವಿದೆ. ಹಾಗಾಗಿ ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ನೋಡೋಣ.

432 ಹರ್ಟ್ಜ್‌ನಲ್ಲಿ ಏನಾದರೂ ವಿಶೇಷ ಇದೆಯೇ?

ಹರ್ಟ್ಜ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಷ್ಟೇ. ಪಾಶ್ಚಾತ್ಯ ವಾದ್ಯಗಳನ್ನು ಒಂದೇ ಶ್ರುತಿಗೆ ತರಲು 440 ಹರ್ಟ್ಜ್ ಅನ್ನು ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿಕೊಂಡಿದ್ದಾರೆ. ನಮ್ಮ ಸಂಗೀತದಲ್ಲಿ 'ಸಾ'ಗೆ ನಿಗದಿತ ಸಂಖ್ಯೆಯೇ ಇಲ್ಲ. ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿ ಇಬ್ಬರೂ ಹುಟ್ಟಿದ್ದು ಇದೇ ಜಿಲ್ಲೆಯ ಹಾನಗಲ್ ತಾಲೂಕಿನಲ್ಲಿ. ನಿಮ್ಮೂರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರನ್ನು ಕೇಳಿ ನೋಡಿ. ಒಬ್ಬರು ಕರಿ ಒಂದರಲ್ಲಿ ಹಾಡಿದರೆ ಇನ್ನೊಬ್ಬರು ಬಿಳಿ ಐದರಲ್ಲಿ ಹಾಡುತ್ತಾರೆ. ಕಂಠಕ್ಕೆ ತಕ್ಕ ಶ್ರುತಿ. ಮೊಬೈಲ್‌ನ ತಂಬೂರಿ ಆ್ಯಪ್‌ನಲ್ಲೂ ಶ್ರುತಿ ಬದಲಿಸುವ ಬಟನ್ ಇರುವುದು ಇದಕ್ಕೇ.

ಹಾಗಾದರೆ ನಿಜವೆಷ್ಟು?

ಸಂಗೀತದಿಂದ ಉಪಯೋಗವಿದೆ, ಅದಕ್ಕೆ ಪುರಾವೆಯೂ ಇದೆ. ಆಪರೇಷನ್‌ಗೆ ಕಾಯುತ್ತಿದ್ದ 2,051 ರೋಗಿಗಳ ಮೇಲೆ ನಡೆದ 26 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆಯ 2013ರ ವರದಿ ಒಟ್ಟಿಗೆ ಪರಿಶೀಲಿಸಿತು. ಹಾಡು ಕೇಳಿದವರಲ್ಲಿ ಆತಂಕ ಕಡಿಮೆಯಾಗಿತ್ತು. ಬಿಪಿ? 120/80ರಲ್ಲಿ ಕೆಳಗಿನ ಸಂಖ್ಯೆ ಸ್ವಲ್ಪ ಇಳಿದಿರಬಹುದು, ಮೇಲಿನ ಸಂಖ್ಯೆ ಇಳಿಯುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಅದೂ ಆಪರೇಷನ್ ಮುಂಚಿನ ಸ್ವಲ್ಪ ಹೊತ್ತಿನ ಮಾತು. ವರ್ಷಗಟ್ಟಲೆ ಇರುವ ಬಿಪಿ ಕಾಯಿಲೆಯದ್ದಲ್ಲ.

ಲ್ಯಾನ್ಸೆಟ್ ಪತ್ರಿಕೆಯಲ್ಲಿ 2015ರಲ್ಲಿ ಬಂದ ಇನ್ನೊಂದು ವರದಿ 73 ಪ್ರಯೋಗಗಳನ್ನು ನೋಡಿತು. ಹಾಡು ಕೇಳಿದವರಿಗೆ ಆಪರೇಷನ್ ನಂತರದ ನೋವು, ಆತಂಕ, ನೋವಿನ ಔಷಧಿಯ ಬಳಕೆ ಮೂರೂ ಕಡಿಮೆಯಾಗಿದ್ದವು. ಆದರೆ ಆಸ್ಪತ್ರೆಯಲ್ಲಿ ಉಳಿಯುವ ದಿನಗಳು ಕಡಿಮೆಯಾಗಲಿಲ್ಲ. ಅಂದರೆ ಸಂಗೀತ ಚಿಕಿತ್ಸೆಯ ಜೊತೆಗಿರುವ ಆಸರೆ, ಚಿಕಿತ್ಸೆಗೆ ಬದಲಿಯಲ್ಲ.

ಮೊಬೈಲನ್ನು ಸರಿಯಾಗಿ ಬಳಸುವುದು ಹೇಗೆ?

• ಅಪ್ಪನನ್ನೋ ಅಮ್ಮನನ್ನೋ ಅಡ್ಮಿಟ್ ಮಾಡುವ ಮುಂಚೆ ಅವರಿಗೆ ಯಾವ ಹಾಡು ಇಷ್ಟ ಎಂದು ಕೇಳಿ. ವಚನ, ತತ್ವಪದ, ರಾಜ್‌ಕುಮಾರ್ ಹಾಡು, ಯಾವುದಾದರೂ ಸರಿ.
• ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಡಿ. ನಡುವೆ ಜೋರಾಗಿ ಬರುವ ಜಾಹೀರಾತು ಇದ್ದ ನೆಮ್ಮದಿಯನ್ನೂ ಕೆಡಿಸುತ್ತದೆ.
• ವಾರ್ಡ್‌ನಲ್ಲಿ ಸ್ಪೀಕರ್ ಬೇಡ, ಇಯರ್‌ಫೋನ್ ಇರಲಿ. ನರ್ಸ್ ಕರೆದರೆ ಕೇಳಿಸುವಷ್ಟೇ ಸೌಂಡ್ ಇಡಿ.
• ವಾಲ್ಯೂಮ್ 60%ಕ್ಕಿಂತ ಕಡಿಮೆ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಮಿತಿ.
• ಕೇಳಲು ಮನಸ್ಸಿಲ್ಲ ಎಂದರೆ ಒತ್ತಾಯ ಮಾಡಬೇಡಿ. ಕೆಲವು ಹಾಡು ದುಃಖವನ್ನೂ ನೆನಪಿಸುತ್ತದೆ.

ದಿನಗಟ್ಟಲೆ ನಿದ್ದೆಯಿಲ್ಲ, ಮನಸ್ಸು ಕುಗ್ಗಿದೆ ಎನಿಸಿದರೆ ಪ್ಲೇಲಿಸ್ಟ್ ಒಂದೇ ಸಾಲದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ

ಬಿಪಿ ಹೆಚ್ಚಾದರೂ ಎಷ್ಟೋ ಜನರಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಹಾಡು ಕೇಳಿ ಮನಸ್ಸು ಹಗುರಾಯಿತು ಎಂದರೆ ಬಿಪಿ ಇಳಿಯಿತು ಎಂದಲ್ಲ. ಅದನ್ನು ಅಳತೆ ಮಾಡಿಯೇ ತಿಳಿಯಬೇಕು. ಮಾತ್ರೆ ಬಿಟ್ಟು ಪಾರ್ಶ್ವವಾಯು ಹೊಡೆದ ಮೇಲೆ ಆಡಿಯೋ ಡಿಲೀಟ್ ಮಾಡಿ ಪ್ರಯೋಜನವಿಲ್ಲ. ಹಾಡು ಕೇಳಿ, ಮಾತ್ರೆಯನ್ನೂ ನುಂಗಿ. ಮಾತ್ರೆ ಕಡಿಮೆ ಮಾಡುವ ಮಾತನ್ನು ಡಾಕ್ಟರ್ ಹೇಳಲಿ, ಫಾರ್ವರ್ಡ್ ಅಲ್ಲ. ಆ ಆಡಿಯೋ ನಿಮ್ಮ ಗ್ರೂಪ್‌ಗೂ ಬಂದಿದ್ದರೆ ಅದರ ಕೆಳಗೆ ಇದನ್ನು ಹಾಕಿ.